ಅಂಟಿಲ್ಲದ ಪೆಟ್ಟಿಗೆ

ಕಾಗದ ಮಡಿಸಿ ಮಾಡಿದ ಪುಟ್ಟ ಪೆಟ್ಟಿಗೆಯನ್ನು ಕೈಗೆತ್ತಿಕೊಂಡವರು ಮೊದಲು ನೋಡುವುದು ಅದರ ಮುಚ್ಚಳವನ್ನು. ನಟ್ಟನಡುವೆ ಸುಳಿಸುಳಿಯಾಗಿ ತಿರುಗಿದ ಒಂದು ಹೂವೋ ನಕ್ಷತ್ರವೋ ಅಲ್ಲಿ ಇರುತ್ತದೆ. ಎಷ್ಟು ಚೆಂದ ಎನ್ನುತ್ತಾರೆ, ಬಣ್ಣವನ್ನು ಮೆಚ್ಚುತ್ತಾರೆ, ಜೋಪಾನವಾಗಿ ಮತ್ತೆ ಮೇಜಿನ ಮೇಲಿಡುತ್ತಾರೆ. ಪೆಟ್ಟಿಗೆ ಬೇರೆ, ಅದರ ಮೇಲಿನ ಅಲಂಕಾರ ಬೇರೆ ಎಂಬ ಎಣಿಕೆ ಆ ಮೆಚ್ಚುಗೆಯೊಳಗೇ ಅಡಗಿದೆ. ಬೇರೆ ಪೆಟ್ಟಿಗೆಗಳ ಮಟ್ಟಿಗೆ ಅದು ಸರಿಯೂ ಹೌದು. ಮರದ ಸಂದೂಕದ ಮೇಲಿನ ಬಳ್ಳಿಯ ಕೆತ್ತನೆಯನ್ನು ಉಜ್ಜಿ ತೆಗೆದರೂ ಸಂದೂಕ ಸಂದೂಕವಾಗಿಯೇ ಉಳಿಯುತ್ತದೆ. ಉಡುಗೊರೆಯ ಡಬ್ಬಿಗೆ ಕಟ್ಟಿದ ರಿಬ್ಬನ್ ಬಿಚ್ಚಿದರೆ ಡಬ್ಬಿಗೇನೂ ಆಗುವುದಿಲ್ಲ. ಒರಿಗಾಮಿ, ಅಂದರೆ ಕಾಗದ ಮಡಿಸುವ ಕಲೆಯ ಪೆಟ್ಟಿಗೆಯಲ್ಲಿ ಆ ಹೂವನ್ನು ಬಿಡಿಸಿ ನೋಡಿ, ಮುಚ್ಚಳವೇ ಬಿಚ್ಚಿಕೊಳ್ಳುತ್ತದೆ. ಅದನ್ನು ಹಿಡಿದಿಟ್ಟಿರುವುದೇ ಆ ಹೂವು. ಚೆಲುವು ಮತ್ತು ಕಟ್ಟಡ ಇಲ್ಲಿ ಒಂದೇ ಮಡಿಕೆಯ ಎರಡು ಕೆಲಸಗಳು ಎಂಬುದು ನನ್ನ ವಾದ. ಬಿಡುವಿನ ವೇಳೆಯ ಹವ್ಯಾಸವೆಂದು ನಾವು ಪಕ್ಕಕ್ಕಿಡುವ ಈ ಕಲೆಯನ್ನು ಅಳೆಯಬೇಕಾದದ್ದೂ ಈ ಒಂದು ಗುಣದಿಂದಲೇ.

ಎಲ್ಲಕ್ಕಿಂತ ಸರಳವಾದ ಪೆಟ್ಟಿಗೆಯಿಂದ ಶುರುಮಾಡೋಣ. ಜಪಾನಿನಲ್ಲಿ ಅಕ್ಕಿ ಅಳೆಯುವ ಮರದ ಚೌಕ ಪಾತ್ರೆಗೆ ಮಸು ಎಂದು ಹೆಸರು. ನಮ್ಮಲ್ಲಿ ಸೇರು, ಪಾವು ಇದ್ದ ಹಾಗೆ ಅಲ್ಲಿ ಶೋ, ಗೋ ಎಂಬ ಅಳತೆಗಳು. ಒಂದು ಶೋ ಎಂದರೆ ಸುಮಾರು 1.8 ಲೀಟರ್, ಅದರ ಹತ್ತನೆಯ ಒಂದು ಪಾಲು ಗೋ. ಫೆಬ್ರವರಿ ಮೊದಲ ವಾರದಲ್ಲಿ ಬರುವ ಸೆತ್ಸುಬುನ್ ದಿನ ಕೆಡುಕನ್ನು ಓಡಿಸಲು ಎರಚುವ ಹುರಿದ ಸೋಯಾ ಕಾಳನ್ನು ತುಂಬಿಕೊಳ್ಳುವುದೂ ಇದೇ ಮಸುವಿನಲ್ಲಿ. ಅದರ ಆಕಾರವನ್ನೇ ಕಾಗದಕ್ಕೆ ಇಳಿಸಿದ ಪೆಟ್ಟಿಗೆಗೂ ಅದೇ ಹೆಸರು. ಮಾಡುವ ಬಗೆ ಹೀಗೆ: ಚೌಕ ಹಾಳೆಯ ನಾಲ್ಕೂ ಮೂಲೆಗಳನ್ನು ನಡುವಿನ ಬಿಂದುವಿಗೆ ಮಡಿಸಬೇಕು. ಸಿಕ್ಕ ಚಿಕ್ಕ ಚೌಕದ ಎದುರುಬದುರು ಅಂಚುಗಳನ್ನು ನಡುಗೆರೆಗೆ ತಂದು ಗೆರೆ ಮೂಡಿಸಿ ಬಿಡಿಸಬೇಕು, ಇನ್ನೆರಡು ಅಂಚುಗಳಿಗೂ ಹಾಗೆಯೇ. ಆಮೇಲೆ ಎರಡು ಮೂಲೆಗಳನ್ನು ಮಾತ್ರ ಬಿಚ್ಚಿ, ಪಕ್ಕದ ಎರಡು ಗೋಡೆಗಳನ್ನು ನಿಲ್ಲಿಸಿ, ಬಿಚ್ಚಿದ ಮೂಲೆಗಳನ್ನು ಗೋಡೆಯ ಮೇಲಿಂದ ಒಳಕ್ಕೆ ಹಾಯಿಸಿ ತಳಕ್ಕೆ ಒತ್ತಿದರೆ ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಕತ್ತರಿ ಬೇಡ, ಗೋಂದು ಬೇಡ, ಸ್ಕೇಲು ಕೂಡ ಬೇಡ. ಹಾಳೆಯ ನಾಲ್ಕು ತುದಿಗಳೂ ತಳದ ನಡುವಿನಲ್ಲಿ ಒಂದಕ್ಕೊಂದು ಮುಖವಿಟ್ಟು ಕೂಡುತ್ತವೆ. ನೋಡುವವರ ಕಣ್ಣಿಗೆ ಅದೊಂದು ಅಚ್ಚುಕಟ್ಟಾದ ವಿನ್ಯಾಸ: ಚೌಕದೊಳಗೆ ನಾಲ್ಕು ತ್ರಿಕೋನ. ಗೋಡೆಗಳ ಪಾಲಿಗೆ ಅವು ಲಂಗರುಗಳು. ಒಂದು ತುದಿಯನ್ನು ಮೇಲಕ್ಕೆತ್ತಿದರೆ ಅದಕ್ಕೆ ಅಂಟಿಕೊಂಡ ಗೋಡೆ ಸಡಿಲವಾಗುತ್ತದೆ.

ಈ ಪೆಟ್ಟಿಗೆಯಲ್ಲಿ ಹಾಳೆ ಹೇಗೆ ಹಂಚಿಹೋಗುತ್ತದೆ ಎಂದು ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಇಡೀ ಹಾಳೆಯನ್ನು ಎಂಟು ಪಾಲು ಎಂದುಕೊಂಡರೆ ಹೊರಮೈಗೆ, ಅಂದರೆ ತಳಕ್ಕೂ ನಾಲ್ಕು ಗೋಡೆಗಳಿಗೂ, ಸರಿಯಾಗಿ ಮೂರು ಪಾಲು ಸಾಕು. ಇನ್ನು ಮೂರು ಪಾಲು ಒಳಗಡೆ ಅಸ್ತರಿಯಾಗಿ ತಳವನ್ನೂ ಗೋಡೆಗಳನ್ನೂ ಪೂರಾ ಮುಚ್ಚುತ್ತದೆ. ಉಳಿದ ಎರಡು ಪಾಲು ಯಾರ ಕಣ್ಣಿಗೂ ಬೀಳದೆ ನಾಲ್ಕು ಮೂಲೆಗಳಲ್ಲಿ ಒಳ-ಹೊರ ಪದರಗಳ ನಡುವೆ ಸಿಕ್ಕಿಕೊಂಡು ಕೂತಿರುತ್ತದೆ. ಒಂದು ಮಗ್ಗುಲಿಗೆ ಬಣ್ಣ, ಇನ್ನೊಂದು ಮಗ್ಗುಲಿಗೆ ಬಿಳಿ ಇರುವ ಹಾಳೆಯನ್ನು ಬಣ್ಣ ಕೆಳಗಾಗುವಂತೆ ಇಟ್ಟು ಮಡಿಸಿದರೆ ಮುಗಿದ ಪೆಟ್ಟಿಗೆಯ ಒಳಗೂ ಹೊರಗೂ ಬಣ್ಣವೇ ಕಾಣುತ್ತದೆ, ಬಿಳಿ ಎಲ್ಲಿಯೂ ಇಲ್ಲ. ಒಳಮೈ ಹೊರಮೈ ಎರಡಕ್ಕೂ ಒಂದೇ ಬಣ್ಣ ಬಂದದ್ದು ಯಾರೋ ಬಣ್ಣ ಬಳಿದಿದ್ದರಿಂದಲ್ಲ. ಗೋಡೆ ಎರಡು ಪದರವಾಗಿ ಗಟ್ಟಿಯಾಗಬೇಕಿತ್ತು, ಅದು ಆಗುವಾಗ ಬಣ್ಣವೂ ಜೊತೆಗೆ ಬಂತು. ಮೂಲೆಯಲ್ಲಿ ಅಡಗಿದ ಎರಡು ಪಾಲು ಕಾಗದವನ್ನು ದುಂದು ಎನ್ನುವವರಿದ್ದಾರೆ. ಅದಕ್ಕೆ ಉತ್ತರ ಮುಂದೆ ಬರುತ್ತದೆ.

ಮಸುವಿನಲ್ಲಿ ಮೊಗ್ಗಾಗಿರುವ ಈ ಗುಣ ಅರಳಿದ್ದು ತೊಮೊಕೊ ಫುಸೆ ಅವರ ಕೈಯಲ್ಲಿ. 1951ರಲ್ಲಿ ಹುಟ್ಟಿದ ಈಕೆ ಒಂದೇ ಬಗೆಯಾಗಿ ಮಡಿಸಿದ ಹಲವು ತುಂಡುಗಳನ್ನು ಜೋಡಿಸಿ ಕಟ್ಟುವ ಒರಿಗಾಮಿಯಲ್ಲಿ ಜಗತ್ತಿನಲ್ಲೇ ಎದ್ದುಕಾಣುವ ಹೆಸರು. ಚೌಕ, ಆರು ಮೂಲೆ, ಎಂಟು ಮೂಲೆಯ ಪೆಟ್ಟಿಗೆಗಳನ್ನು ಅವರು ಪುಸ್ತಕದ ಮೇಲೆ ಪುಸ್ತಕವಾಗಿ ವಿಸ್ತರಿಸಿದ್ದಾರೆ. ಅವರ ಒಂದು ಚೌಕ ಮುಚ್ಚಳಕ್ಕೆ ನಾಲ್ಕು ಹಾಳೆ ಬೇಕಾದರೆ ಎಂಟು ಮೂಲೆಯದಕ್ಕೆ ಎಂಟು. ಪ್ರತಿ ತುಂಡಿನಲ್ಲೂ ಮುಚ್ಚಳದ ಒಂದು ಚೂರು, ಗೋಡೆಯ ಒಂದು ಚೂರು, ಪಕ್ಕದ ತುಂಡಿನೊಳಗೆ ತೂರುವ ಒಂದು ನಾಲಗೆ, ಇನ್ನೊಂದು ಪಕ್ಕದ ನಾಲಗೆಯನ್ನು ಒಳಗೆ ಬಿಟ್ಟುಕೊಳ್ಳುವ ಒಂದು ಕಿಸೆ ಇರುತ್ತವೆ. ಸುತ್ತ ಜೋಡಿಸುತ್ತ ಬಂದ ಹಾಗೆ ಒಂದೊಂದರ ತುದಿಯೂ ತನ್ನ ಮುಂದಿನದರ ಮೇಲೆ ಹಾದುಹೋಗುತ್ತದೆ. ಕಡೆಯ ತುಂಡಿನ ತುದಿ ಮೊದಲನೆಯದರ ಮೇಲೆ ಹಾದುಹೋದಾಗ ವೃತ್ತ ಮುಗಿಯುತ್ತದೆ. ಎಲ್ಲಕ್ಕೂ ಮೇಲಿನದು, ಎಲ್ಲಕ್ಕೂ ಕೆಳಗಿನದು ಎಂಬ ತುಂಡೇ ಅಲ್ಲಿಲ್ಲವಾದ್ದರಿಂದ ಯಾವೊಂದನ್ನೂ ಉಳಿದವುಗಳನ್ನು ಕದಲಿಸದೆ ಎಳೆಯಲಾಗದು. ರಟ್ಟಿನ ಡಬ್ಬದ ನಾಲ್ಕು ಬಾಯಿಗಳನ್ನು ಟೇಪಿಲ್ಲದೆ ಒಂದರಡಿ ಒಂದು ಸಿಕ್ಕಿಸಿ ಮುಚ್ಚಿದಾಗ ನಡೆಯುವುದೂ ಇದೇ. ಹೀಗೆ ಸುತ್ತುವರಿದ ಪದರಗಳ ಅಂಚುಗಳನ್ನೇ ನಾವು ಸುಳಿ, ಹೂವು, ನಕ್ಷತ್ರ ಎಂದು ಕರೆಯುವುದು. ಅಂಚು ಎಷ್ಟು ಕೋನದಲ್ಲಿ ತಿರುಗಿದೆ, ಎಷ್ಟು ಹೊರಗೆ ಚಾಚಿದೆ ಎಂಬುದು ಬದಲಾದರೆ ಹೂವಿನ ರೂಪವೂ ಬದಲಾಗುತ್ತದೆ, ಹಿಡಿತವೂ ಬದಲಾಗುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ತಿದ್ದಲು ಬರುವುದೇ ಇಲ್ಲ. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಕೆಲವರು ಜೋಡಣೆಯ ಹೊತ್ತಿಗೆ ಸಂದಿನಲ್ಲಿ ಒಂದು ಹನಿ ಗೋಂದು ಹಚ್ಚುತ್ತಾರೆ. ಉಡುಗೊರೆ ಕೊಡುವ ಪೆಟ್ಟಿಗೆ ದಾರಿಯಲ್ಲಿ ಬಿಚ್ಚದಿರಲಿ ಎಂಬ ಕಾಳಜಿ ಅರ್ಥವಾಗುವಂಥದ್ದು, ಅದನ್ನು ನಾನು ಅಪರಾಧವೆಂದು ಎಣಿಸುವುದಿಲ್ಲ. ಆದರೂ ಗೋಂದು ಬಿದ್ದ ಕ್ಷಣದಿಂದ ಆ ಸುಳಿ ಕೆಲಸ ಕಳೆದುಕೊಳ್ಳುತ್ತದೆ. ರೂಪ ಹಾಗೇ ಇರುತ್ತದೆ, ಹಿಡಿಯುವ ಕೆಲಸ ಮಾತ್ರ ಅಂಟಿನ ಪಾಲಾಗುತ್ತದೆ. ಮೇಲಾಗಿ ಗೋಂದು ಕೈಯ ಓರೆಕೋರೆಯನ್ನು ಮುಚ್ಚಿಹಾಕುತ್ತದೆ. ಎಂಟು ತುಂಡುಗಳಲ್ಲಿ ಒಂದೊಂದರಲ್ಲೂ ಅರ್ಧ ಮಿಲಿಮೀಟರ್ ಆಚೀಚೆಯಾದರೆ ಸುತ್ತು ಮುಗಿಯುವಾಗ ನಾಲ್ಕು ಮಿಲಿಮೀಟರ್ ಅಂತರ ಬಾಯಿ ಬಿಡುತ್ತದೆ. ಅಂಟಿಲ್ಲದ ಮುಚ್ಚಳ ಆ ತಪ್ಪನ್ನು ಒಪ್ಪುವುದಿಲ್ಲ, ಅಲ್ಲಲ್ಲಿ ಉಬ್ಬಿ, ಜಾರಿ ತೋರಿಸಿಕೊಡುತ್ತದೆ. ಆದ್ದರಿಂದ ಅಂಟಿಲ್ಲದೆ ನಿಂತ ಮುಚ್ಚಳದ ಅಂದವನ್ನು ನಂಬಬಹುದು. ಅದು ಚೆನ್ನಾಗಿ ಕಾಣುತ್ತಿದೆ ಎಂದರೆ ಚೆನ್ನಾಗಿ ಹಿಡಿದಿದೆ ಎಂದೇ ಲೆಕ್ಕ.

ಒಂದೇ ಹಾಳೆ, ಕತ್ತರಿ ಸೋಕಬಾರದು ಎಂಬ ಕಟ್ಟುನಿಟ್ಟಿನವರು ಇಲ್ಲಿ ತಡೆಯುತ್ತಾರೆ. ಎಂಟು ಹಾಳೆ ಸೇರಿಸಿದ್ದು ಒರಿಗಾಮಿಯೇ ಅಲ್ಲ, ಅದು ಜೋಡಣೆ ಎನ್ನುತ್ತಾರೆ. ಇತಿಹಾಸ ಅವರ ಪರವಾಗಿಲ್ಲ. 1734ರಲ್ಲಿ ಜಪಾನಿನಲ್ಲಿ ಅಚ್ಚಾದ ‘ರನ್ಮ ಜುಶಿಕಿ’ ಎಂಬ ಪುಸ್ತಕದ ಒಂದು ಚಿತ್ರದಲ್ಲಿ ಮಡಿಸಿದ ಕಾಗದದ ಹಲವು ವಸ್ತುಗಳ ನಡುವೆ ಒಂದು ಘನಾಕಾರದ ಪೆಟ್ಟಿಗೆ ಇದೆ. ಎರಡು ಕೋನಗಳಿಂದ ಅದನ್ನು ಬರೆದು ತೋರಿಸಿದ್ದಾರೆ. ಪಕ್ಕದ ಬರಹದಲ್ಲಿ ಅದರ ಹೆಸರು ತಮಾತೆಬಾಕೊ. ಮೀನುಗಾರ ಉರಾಶಿಮಾ ತಾರೋ ಕಡಲ ತಳದ ಅರಮನೆಯಿಂದ ಮರಳುವಾಗ, ತೆರೆಯಬೇಡ ಎಂಬ ಮಾತಿನೊಡನೆ ಕೈಗೆ ಬಂದ ಪೆಟ್ಟಿಗೆಯದು. ತೆರೆದ ಕೂಡಲೇ ಅವನು ಮುದುಕನಾದ ಎಂಬುದು ಕಥೆ. ಆರು ಹಾಳೆಗಳಿಂದ ಕೂಡಿಸುವ ಈ ಘನ ಇವತ್ತಿಗೂ ಮಡಿಸುವವರ ಕೈಯಲ್ಲಿದೆ. ಕತ್ತರಿಯ ವಿಷಯವೂ ಅಷ್ಟೆ. 1797ರ ‘ಹಿದೆನ್ ಸೆನ್‌ಬಜುರು ಒರಿಕತ’ ಎಂಬ ಹಳೆಯ ಕೈಪಿಡಿ ಒಂದಕ್ಕೊಂದು ಅಂಟಿಕೊಂಡ ಕೊಕ್ಕರೆಗಳನ್ನು ಮಡಿಸುವುದನ್ನು ಕಲಿಸುವುದೇ ಹಾಳೆಯನ್ನು ಅಲ್ಲಲ್ಲಿ ಸೀಳಿ. ಹಾಳೆಯ ಎಣಿಕೆಗೆ ಇಷ್ಟು ತೂಕ ಬಂದದ್ದು ಈಚೆಗೆ. ಪೆಟ್ಟಿಗೆಗೆ ನಾನು ಹಾಕುವ ಪರೀಕ್ಷೆ ಬೇರೆ: ಅದನ್ನು ಹಿಡಿದಿರುವುದು ಮಡಿಕೆಯೋ, ಹೊರಗಿನಿಂದ ತಂದ ಇನ್ನೇನೋ? ಒಂದೇ ಹಾಳೆಯದಾದರೂ ಪಿನ್ನು ಹೊಡೆದದ್ದು ಈ ಪರೀಕ್ಷೆಯಲ್ಲಿ ಸೋಲುತ್ತದೆ, ಆರು ಹಾಳೆಯ ತಮಾತೆಬಾಕೊ ಗೆಲ್ಲುತ್ತದೆ.

ಇನ್ನೂ ಗಂಭೀರವಾದ ಆಕ್ಷೇಪ ಕಾಗದದ ಕುರಿತದ್ದು. ಅಂಗಡಿಯಲ್ಲಿ ಸಿಗುವ ಚಿಯೊಗಾಮಿ ಹಾಳೆಗಳ ಮೇಲೆ ಚೆರ್ರಿ ಹೂ, ಅಲೆ, ಬೀಸಣಿಗೆಗಳ ಅಚ್ಚು ತುಂಬಿರುತ್ತದೆ. ಪೆಟ್ಟಿಗೆಯ ಅರ್ಧಕ್ಕೂ ಹೆಚ್ಚು ಚೆಲುವು ಅಚ್ಚು ಹಾಕಿದವನದ್ದು, ಮಡಿಸಿದವನದ್ದಲ್ಲ, ಹಾಗಾದರೆ ಅಲಂಕಾರ ಹೊರಗಿನಿಂದಲೇ ಬಂತಲ್ಲ ಎಂದು ಕೇಳಬಹುದು. ಮಸುವಿನ ಮಟ್ಟಿಗೆ ಈ ಮಾತನ್ನು ಒಪ್ಪುತ್ತೇನೆ. ಅದರ ಗೋಡೆಗಳು ಬರಿದಾದ ಸಮತಲಗಳು, ಅಚ್ಚಿನ ಹೂವಿಗೆ ಅಲ್ಲಿ ಜಾಗವಿದೆ. ಸುಳಿಯ ಮುಚ್ಚಳಕ್ಕೆ ಅದೇ ಹಾಳೆ ಬಳಸಿ ನೋಡಿ: ಅಚ್ಚಿನ ಗೆರೆಯೂ ಮಡಿಕೆಯ ಗೆರೆಯೂ ಒಂದರ ಮೇಲೊಂದು ಬಿದ್ದು ಕಣ್ಣಿಗೆ ಎರಡೂ ಸಿಗುವುದಿಲ್ಲ. ಅಪ್ಪಟ ಬಿಳಿಯ ಹಾಳೆಯಲ್ಲಿ ಅದೇ ಮುಚ್ಚಳ ಮಡಿಸಿ ಕಿಟಕಿಯ ಪಕ್ಕ ಇಟ್ಟರೆ ಪದರದ ಅಂಚು ಕೆಳಗಿನ ಪದರದ ಮೇಲೆ ಚೆಲ್ಲುವ ತೆಳು ನೆರಳಿನಲ್ಲೇ ಇಡೀ ಹೂವು ಮೂಡುತ್ತದೆ. ಬಣ್ಣ ಬೇಕೆನಿಸಿದರೆ ಎರಡು ಮಗ್ಗುಲಿಗೆ ಎರಡು ಬಣ್ಣವಿರುವ, ಅಚ್ಚಿಲ್ಲದ ಹಾಳೆ ಸಾಕು. ಹಿಂಬದಿ ಎಲ್ಲಿ ಹೊರಳಿ ಮೇಲೆ ಬಂತೋ ಅಲ್ಲಿ ಬಣ್ಣ ಬದಲಾಗುತ್ತದೆ, ಹಾಗಾಗಿ ಬಣ್ಣವೇ ಮಡಿಕೆಯ ನಕ್ಷೆಯಾಗುತ್ತದೆ. ಕಾಗದದಲ್ಲಿ ನೋಡಬೇಕಾದದ್ದು ನಾರು. ಕೊಜೊ ಗಿಡದ ತೊಗಟೆಯಿಂದ ಮಾಡುವ ವಾಶಿ ಎಂಬ ಜಪಾನಿ ಕಾಗದದ ನಾರು ಸುಮಾರು ಹತ್ತು ಮಿಲಿಮೀಟರ್ ಉದ್ದ, ಮರದ ತಿರುಳಿನ ಕಾಗದದ್ದು ಒಂದರಿಂದ ಮೂರು ಮಿಲಿಮೀಟರ್. ಅದೇ ಗೆರೆಯಲ್ಲಿ ಮತ್ತೆ ಮತ್ತೆ ಮಡಿಸಿ ಬಿಡಿಸಿದಾಗ ವಾಶಿ ತಾಳಿಕೊಳ್ಳುವುದು ಈ ಉದ್ದದಿಂದ. ಯಂತ್ರದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ, ಅಡ್ಡಡ್ಡ ಮಡಿಸಿದರೆ ದಪ್ಪ ಹಾಳೆಯ ಗೆರೆ ಒಡೆದು ಬಿಳಿಯಾಗುತ್ತದೆ. ಮಳೆಗಾಲದ ತೇವದಲ್ಲಿ ಯಾವ ಕಾಗದವಾದರೂ ಮೆತ್ತಗಾಗಿ ಗೆರೆಯ ಬಿಗಿ ಕಳೆದುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಆಷಾಢದಲ್ಲಿ ಮಡಿಸಲು ಕೂರುವವರು ಇದನ್ನು ನೆನಪಿಡಬೇಕು.

ಬೇರೆಯವರು ಬರೆದಿಟ್ಟ ನಕ್ಷೆ ನೋಡಿ ಮಡಿಸುವುದರಲ್ಲಿ ಸ್ವಂತಿಕೆ ಏನಿದೆ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಬೇಕಿಲ್ಲ. ಜಪಾನಿನ ಒರಿಗಾಮಿ ಕಲಾವಿದ ಅಕಿರಾ ಯೊಶಿಜಾವಾ 1950ರ ದಶಕದಲ್ಲಿ ರೂಪಿಸಿದ ಚುಕ್ಕಿಗೆರೆ ಮತ್ತು ಬಾಣಗಳ ಲಿಪಿ ಇಂದು ಜಗತ್ತಿನಾದ್ಯಂತ ನಡೆಯುತ್ತದೆ, ಜಪಾನಿ ಬಾರದವರೂ ಜಪಾನಿನ ಪುಸ್ತಕ ಹಿಡಿದು ಮಡಿಸಬಲ್ಲರು. ನಕ್ಷೆ ಹೇಳುವುದು ಗೆರೆ ಎಲ್ಲಿ ಎಂಬುದನ್ನು ಮಾತ್ರ. ಮುಚ್ಚಳದ ತುದಿಯನ್ನು ನೆಟ್ಟಗೆ ಬಿಡುವ ಬದಲು ಒಮ್ಮೆ ಹೊರಕ್ಕೆ ಹೊರಳಿಸಿದರೆ ಹೊಸ ದಳ, ಅದೇ ತುದಿಯನ್ನು ಸೀಳಿನೊಳಗೆ ತೂರಿಸಿದರೆ ಬೇರೆ ನಕ್ಷತ್ರ. ಫುಸೆ ಅವರ ಪೆಟ್ಟಿಗೆಗಳು ಒಂದರಿಂದ ಒಂದು ಹುಟ್ಟಿರುವುದೂ ಹೀಗೆ ಸಣ್ಣ ಸಣ್ಣ ಹೊರಳುಗಳಿಂದ. ಹೊರಳಿಸಿದ ಮೇಲೂ ಮುಚ್ಚಳ ನಿಲ್ಲಬೇಕು ಎಂಬ ನಿಯಮ ಎದುರಿಗಿರುವುದರಿಂದ ಇಲ್ಲಿ ಸ್ವಂತಿಕೆ ಮನಸ್ಸಿಗೆ ಬಂದದ್ದನ್ನು ಮಾಡುವುದಾಗದೆ ಹುಡುಕಾಟವಾಗುತ್ತದೆ.

ಉಪಯೋಗವೇನು ಎಂದು ಕೇಳುವವರಿಗೆ ಮೂಲೆಯಲ್ಲಿ ಅಡಗಿದ ಆ ಎರಡು ಪಾಲು ಕಾಗದದ ಉತ್ತರ ಕೊಡುತ್ತೇನೆ. 1894ರಲ್ಲಿ ಶಿಕಾಗೋದ ಫ್ರೆಡರಿಕ್ ವೀಕ್ಸ್ ವಿಲ್ಕಾಕ್ಸ್ ಒಂದೇ ಹಾಳೆಯಿಂದ ಮಡಿಸುವ ಕಾಗದದ ಬಕೆಟ್ಟಿಗೆ ಪೇಟೆಂಟ್ ಪಡೆದ. ಅಮೆರಿಕದಲ್ಲಿ ಚೀನೀ ಊಟವನ್ನು ಕಟ್ಟಿಕೊಡುವ, ತಂತಿಯ ಹಿಡಿಯುಳ್ಳ ಬಿಳಿ ಡಬ್ಬಿ ಅದರ ವಂಶದ್ದೇ. ಸಾರು ಸೋರದಿರಲು ಕಾರಣ ಮೂಲೆಗಳು. ಅಲ್ಲಿ ಕತ್ತರಿಸಿ ಅಂಟಿಸದೆ, ಹೆಚ್ಚಾದ ಕಾಗದವನ್ನು ಹಾಗೆಯೇ ಮಡಿಸಿ ಗೋಡೆಗೆ ಒರಗಿಸಿರುತ್ತಾರೆ. ಹಾಳೆ ಎಲ್ಲೂ ತುಂಡಾಗಿಲ್ಲ, ಆದ್ದರಿಂದ ನೀರಿಗೆ ದಾರಿಯಿಲ್ಲ. ಮಸುವಿನ ಮೂಲೆಯಲ್ಲೂ ಇದೇ ನಡೆದಿದೆ. ದುಂದಿನಂತೆ ಕಂಡ ಕಾಗದ ಅಲ್ಲಿ ಸಂದು ಮುಚ್ಚುತ್ತಿದೆ, ಮೂಲೆಗೆ ಬಲ ಕೊಡುತ್ತಿದೆ.

ಹಾಗಿದ್ದರೂ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ನಮ್ಮ ಎರಡನೇ ಪಿಯುಸಿ ಗಣಿತದ ವಿದ್ಯಾರ್ಥಿಯೇ ಎತ್ತಬಲ್ಲ. 18 ಸೆಂ.ಮೀ. ಬಾಹುವಿನ ಚೌಕ ತಗಡಿನ ನಾಲ್ಕು ಮೂಲೆಗಳಲ್ಲಿ ಸಮ ಚೌಕಗಳನ್ನು ಕತ್ತರಿಸಿ, ಅಂಚು ಮಡಿಸಿ ತೆರೆದ ಪೆಟ್ಟಿಗೆ ಮಾಡಿದರೆ ಗಾತ್ರ ಗರಿಷ್ಠವಾಗಲು ಎಷ್ಟು ಕತ್ತರಿಸಬೇಕು ಎಂಬ ಲೆಕ್ಕ ಅವನ ಪುಸ್ತಕದಲ್ಲಿದೆ. ಉತ್ತರ 3 ಸೆಂ.ಮೀ.; ಗಾತ್ರ 432 ಘನ ಸೆಂ.ಮೀ. ಅದೇ 18 ಸೆಂ.ಮೀ. ಕಾಗದದ ಮಸುವಿಗೆ ತಳ ಸುಮಾರು 6.36, ಎತ್ತರ ಅದರ ಅರ್ಧ. ಗಾತ್ರ 129ರ ಹತ್ತಿರ. ಮೂರನೆಯ ಒಂದು ಪಾಲೂ ಇಲ್ಲ! ಕತ್ತರಿಸಿದ ಪೆಟ್ಟಿಗೆಗೆ ನಾಲ್ಕು ಮೂಲೆಯಲ್ಲೂ ಬೆಸುಗೆಯೋ ಅಂಟೋ ಬೇಕು, ಹಾಳೆಯ ಒಂಬತ್ತನೆಯ ಒಂದು ಪಾಲು ಕಸಕ್ಕೆ ಹೋಗುತ್ತದೆ, ಗೋಡೆ ಒಂದೇ ಪದರದ್ದು ಎಂದೆಲ್ಲ ಹೇಳಬಹುದು. ಅವೆಲ್ಲ ನಿಜವೇ. ಆದರೂ ಪ್ರಾಮಾಣಿಕವಾಗಿ ಉತ್ತರಿಸಬೇಕೆಂದರೆ ಮಡಿಸಿದ ಪೆಟ್ಟಿಗೆಗೂ ಅದೇ ಲೆಕ್ಕ ಹಾಕಿ ನೋಡಬೇಕು. ಮಡಿಕೆ ಮತ್ತು ಗಣಿತದ ಈ ನಂಟಿಗೆ ನಮ್ಮ ಕಡೆ ಹಳೆಯ ಬುನಾದಿಯೂ ಇದೆ. ಮದರಾಸಿನಲ್ಲಿ 1893ರಲ್ಲಿ ಟಿ. ಸುಂದರ ರಾವ್ ಕಾಗದ ಮಡಿಸಿ ರೇಖಾಗಣಿತ ಕಲಿಸುವ ಇಂಗ್ಲಿಷ್ ಪುಸ್ತಕವೊಂದನ್ನು ಪ್ರಕಟಿಸಿದರು. ಶಿಕ್ಷಣತಜ್ಞ ಫ್ರೋಬೆಲ್‌ನ ಶಿಶುವಿಹಾರದ ಮಕ್ಕಳು ಕಾಗದ ಮಡಿಸುವುದೇ ಅದಕ್ಕೆ ಪ್ರೇರಣೆ. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಹೆಸರಿಸಿದ ಮೇಲೆ 1901ರಲ್ಲಿ ಶಿಕಾಗೋದಲ್ಲಿ ಅದು ಮರುಮುದ್ರಣವಾಯಿತು.

ಮಸುವಿನ ಗೋಡೆಯ ಎತ್ತರವನ್ನು ನಿರ್ಧರಿಸುವುದು ಮೂಲೆ ಮಡಿಸಿದ ಚೌಕದ ಅಂಚನ್ನು ಎಲ್ಲಿ ಮಡಿಸಿದೆವು ಎಂಬುದು. ಸಂಪ್ರದಾಯ ಅದನ್ನು ನಾಲ್ಕನೆಯ ಒಂದು ಪಾಲಿನಲ್ಲಿ ಮಡಿಸುತ್ತದೆ. ಬೇರೆಲ್ಲಿ ಮಡಿಸಿದರೂ ಹಾಳೆಯ ನಾಲ್ಕು ತುದಿಗಳು ತಳದ ನಡುವಿನಲ್ಲೇ ಬಂದು ಕೂಡುತ್ತವೆ, ಏಕೆಂದರೆ ಗೋಡೆ ಗಿಡ್ಡವಾದಷ್ಟೂ ತಳ ಅಗಲವಾಗುತ್ತದೆ, ತುದಿಯೂ ಅಷ್ಟೇ ಮುಂದಕ್ಕೆ ಹೋಗುತ್ತದೆ. ವಿನ್ಯಾಸವೂ ಹಿಡಿತವೂ ಒಟ್ಟಿಗೇ ಉಳಿಯುತ್ತವೆ. ಮುಚ್ಚಳ ಮಡಿಸುವವರು ಅಂಚನ್ನು ನಡುಗೆರೆಗೆ ತಾಗಿಸದೆ ಕೂದಲೆಳೆಯ ಜಾಗ ಬಿಡುವುದು ಈ ಕಾರಣಕ್ಕೇ: ಮುಚ್ಚಳದ ಎತ್ತರ ತುಸು ತಗ್ಗಿ ಅಗಲ ತುಸು ಹಿಗ್ಗುತ್ತದೆ, ಅದೇ ಅಳತೆಯ ಹಾಳೆಯಿಂದ ಮಾಡಿದ ತಳದ ಮೇಲೆ ಸಲೀಸಾಗಿ ಕೂರುತ್ತದೆ. ಇನ್ನು ಗರಿಷ್ಠ ಗಾತ್ರದ ಲೆಕ್ಕ ಮಾಡಿದರೆ ಅಂಚನ್ನು ಮಡಿಸಬೇಕಾದ ಜಾಗ ಆರನೆಯ ಒಂದು ಪಾಲು, ತಗಡಿನ ಲೆಕ್ಕದಲ್ಲಿ 18ಕ್ಕೆ 3 ಬಂದ ಅದೇ ಪ್ರಮಾಣ. ಆಗ ತಳದ ವಿಸ್ತೀರ್ಣ ಸರಿಯಾಗಿ 72 ಚದರ ಸೆಂ.ಮೀ., ಎತ್ತರ ಸುಮಾರು 2.12, ಗಾತ್ರ 153ರ ಹತ್ತಿರ. ಸಾಂಪ್ರದಾಯಿಕ ಮಸು ಇದಕ್ಕಿಂತ ಸುಮಾರು ಆರನೆಯ ಒಂದು ಪಾಲಿನಷ್ಟು ಕಡಿಮೆ ಹಿಡಿಯುತ್ತದೆ. ಹಳಬರು ನಾಲ್ಕನೆಯ ಪಾಲಿಗೆ ನಿಂತದ್ದು ಅದು ಅರ್ಧದ ಅರ್ಧ ಎಂಬುದಕ್ಕೆ ಎಂದು ನನಗನಿಸುತ್ತದೆ. ಅಳತೆಪಟ್ಟಿ ಇಲ್ಲದೆ ಅಂಚಿಗೆ ಅಂಚು ತಾಗಿಸಿ ಮಾಡಬಹುದು. ಆರನೆಯ ಪಾಲಿಗೆ ಬೇಕಾದ ಮೂರನೆಯ ಪಾಲು ಹಾಗೆ ಸಿಗುವುದಿಲ್ಲ. ಅದನ್ನೂ ಪಟ್ಟಿಯಿಲ್ಲದೆ ಪಡೆಯುವ ದಾರಿಯನ್ನು ಜಪಾನಿನ ತ್ಸುಕುಬಾದ ಜೀವವಿಜ್ಞಾನಿ ಕಜುಒ ಹಾಗಾ ಕಂಡುಕೊಂಡರು: ಚೌಕದ ಕೆಳಗಿನ ಒಂದು ಮೂಲೆಯನ್ನು ಮೇಲಂಚಿನ ನಟ್ಟನಡುವಿಗೆ ತಾಗಿಸಿ ಮಡಿಸಿದರೆ, ಆ ಮೂಲೆಯಿಂದ ಹೊರಟ ಕೆಳ ಅಂಚು ಎದುರಿನ ಪಕ್ಕವನ್ನು ದಾಟುವ ಜಾಗ ಆ ಪಕ್ಕವನ್ನು ಎರಡಕ್ಕೆ ಒಂದರಂತೆ ಭಾಗಿಸುತ್ತದೆ. ಆ ಗುರುತು ಸಿಕ್ಕ ಮೇಲೆ ಚಿಕ್ಕ ಭಾಗದ ಅರ್ಧವೇ ಆರನೆಯ ಪಾಲು. ತಗಡಿನ ಲೆಕ್ಕ ಬಿಡಿಸಿದ ದಿನವೇ ತರಗತಿಯಲ್ಲಿ 18 ಸೆಂ.ಮೀ. ಬಾಹುವಿನ ಎರಡೆರಡು ಹಾಳೆ ಹಂಚಿ, ಒಂದು ಮಸುವನ್ನು ನಾಲ್ಕನೆಯ ಪಾಲಿನಲ್ಲಿ, ಇನ್ನೊಂದನ್ನು ಆರನೆಯ ಪಾಲಿನಲ್ಲಿ ಮಡಿಸಿ, ಎರಡಕ್ಕೂ ರಾಗಿ ತುಂಬಿ ಅಳೆದು ನೋಡಿ ಎಂದು ಮೇಷ್ಟರು ಹೇಳಬಹುದು.